ತಾರೀಖಿಲ್ಲದ ಸಂಗತಿಗಳು

ಲಿಂಗಸುಗೂರಿನ ತಹಸೀಲ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಕೂತು ಇಪ್ಪತ್ತು ವರ್ಷ ಅರ್ಜಿ ಬರೆದವನು ನಾನು, ಯಂಕೋಬ. ಉರ್ದು, ಕನ್ನಡ, ತೆಲುಗು, ತಕ್ಕಮಟ್ಟಿಗೆ ಇಂಗ್ಲಿಷು ಬರುತ್ತಿದ್ದುದರಿಂದ ಒಂದಿಷ್ಟು ಸೊಕ್ಕೂ ಇತ್ತು. ಆ ಸೊಕ್ಕನ್ನು ಇಳಿಸಿದ್ದು ಸ್ಪೇನ್ ದೇಶದ ಭಾಷೆ. ಅದೂ ನಿಜಾಮರ ಫಸಲಿ ೧೩೪೪ರಲ್ಲಿ, ಅಂದರೆ ಇಂಗ್ಲಿಷರ ೧೯೩೪-೩೫ರಲ್ಲಿ, ನನಗೆ ನಲವತ್ತೈದು ದಾಟಿದ ಮೇಲೆ.

ಛಾವಣಿಯಲ್ಲಿ, ಅಂದರೆ ಹಿಂದೆ ದಂಡು ಇದ್ದ ಜಾಗದಲ್ಲಿ, ಇಂಗ್ಲಿಷರ ಪಲ್ಟನ್ನು ಬಿಟ್ಟುಹೋದ ಹಳೆಯ ಬಂಗಲೆಯೊಂದರಲ್ಲಿ ಅನ್ಸೆಲ್ಮೊ ಎಂಬ ಮುದಿ ಪಾದ್ರಿ ಇದ್ದರು. ಸ್ಪೇನಿನಿಂದ ಬಂದು ನಲವತ್ತು ವರ್ಷ ಈ ಸೀಮೆಯಲ್ಲೇ ಕಳೆದವರು, ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅವರ ಓದುಬರಹ ನಿಂತುಹೋಗಿತ್ತು. ಸ್ಪೇನಿನಲ್ಲಿ ಉಳಿದ ತಂಗಿ ಪಿಲಾರಳ ಪತ್ರ ಓದಿ ಹೇಳಲು, ಉತ್ತರ ಬರೆಯಲು ಒಬ್ಬರು ಬೇಕಿತ್ತು. ಅವರ ಅಕ್ಷರವೂ ಇಂಗ್ಲಿಷಿನದೇ ಆದ್ದರಿಂದ ನನ್ನನ್ನು ಕರೆಸಿದರು. ಅರ್ಥ ತಿಳಿಯದೆ ಗಿಳಿಯಂತೆ ಓದಿದೆ. ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮ್ಮನೆ ನಗೆಗೀಡಾಗಿ ಹೋಗುವ ಜಾಯಮಾನ ನನ್ನದಲ್ಲ.

"ಕಲಸ್ರಿ ಮತ್ತ, ಸ್ವಾಮೇರ. ಹೆಂಗ ಬರೂದಿಲ್ಲ ನೋಡೂಣು" ಎಂದೆ.

ದೀಪಾವಳಿ ಕಳೆದ ಮೇಲೆ ಪಾಠ ಶುರುವಾಯಿತು. ಕಚೇರಿ ಮುಚ್ಚಿದ ಮೇಲೆ ಬಂಗಲೆಯ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಬಂದ, ಹೋದ, ಕೊಟ್ಟ, ಕೊಂಡ ಎಂಬಂಥ ಮುಗಿದ ಕೆಲಸಗಳ ರೂಪ ನನಗೆ ಬೇಗ ಹತ್ತಿತು. ಅರ್ಜಿಯಲ್ಲಿ ಇರುವುದೇ ಅದಲ್ಲವೆ? ಇಂಥ ತಾರೀಖು ಇಂಥವನು ನನ್ನ ಬದು ಒಡೆದ, ಬೈದ, ಓಡಿಹೋದ. ಹಿಂದೆ ಮುಂದೆ ಏನಿಲ್ಲ.

ಯುಗಾದಿಯ ಹೊತ್ತಿಗೆ ಪಾದ್ರಿಗಳು ತಂಗಿಗೆ ಒಂದು ಪತ್ರ ಬರೆಸಿದರು. ತಾವು ಊರು ಬಿಟ್ಟಾಗ ಪಿಲಾರಳಿಗೆ ಒಂಬತ್ತು ವರ್ಷವಂತೆ. "ಮದುವಿ ಆಗಿದ್ದು, ಗಂಡ ಸತ್ತದ್ದು, ಮನಿ ಕಟ್ಟಿದ್ದು ಎಲ್ಲಾ ಬರದಿ. ಇಷ್ಟ ವರ್ಷ ದಿನಾ ಏನ ಮಾಡ್ತಿದ್ದಿ, ಅದನ್ನ ಬರಿ. ನನಗ ನಿನ್ನ ಈಗಿನ ಮುಖಾನೂ ಗೊತ್ತಿಲ್ಲ." ಹೀಗೆಂದು ಮೊದಲು ನನಗೆ ಕನ್ನಡದಲ್ಲಿ ಹೇಳಿ ಆಮೇಲೆ ತಮ್ಮ ಭಾಷೆಯಲ್ಲಿ ಬರೆಸಿದರು. ಅದಕ್ಕೆ ಉತ್ತರ ಬಂದರೆ ಓದಬೇಕಲ್ಲ? ಅದಕ್ಕಾಗಿಯೇ 'ಮಾಡುತ್ತಿದ್ದಳು' ಎಂಬ ರೂಪವನ್ನು ನನಗೆ ಕಲಿಸತೊಡಗಿದರು.

ಕಟ್ಟುವುದು ಸುಲಭ. 'ಕಾಂತಾರ್' ಅಂದರೆ ಹಾಡುವುದು. ಅದರ ಬಾಲ ಕತ್ತರಿಸಿ 'ಆಬಾ' ಅಂಟಿಸಿದರೆ 'ಕಾಂತಾಬಾ', ಹಾಡುತ್ತಿದ್ದಳು. 'ಎರ್', 'ಇರ್' ಬಾಲದವಕ್ಕೆ 'ಇಯಾ': 'ಕೊಮೆರ್' ಹೋಗಿ 'ಕೊಮಿಯಾ', ಉಣ್ಣುತ್ತಿದ್ದಳು. ಮಾತು ಕೇಳದವು ಇಡೀ ಭಾಷೆಯಲ್ಲಿ ಮೂರೇ ಮೂರು. ಇಷ್ಟು ಸಭ್ಯ ವ್ಯಾಕರಣ ನಮ್ಮ ಕಚೇರಿಯ ಉರ್ದುವಿಗೂ ಇಲ್ಲ. ಎಡವಿದ್ದು ಬಳಸುವಾಗ. ನಾನು ಕಟ್ಟಿದ ವಾಕ್ಯವೆಲ್ಲ ಫಿರ್ಯಾದಿಯಂತೆ ಕೇಳುತ್ತಿತ್ತು. ಪ್ರತಿಯೊಂದಕ್ಕೂ ತಾರೀಖು ಹಚ್ಚುತ್ತಿದ್ದೆ.

"ಇದಕ್ಕ ತಾರೀಖ ಇಲ್ಲೋ ಮಾರಾಯ. ದಿನಾ ಆಗೂದಕ್ಕ ಯಾವ ತಾರೀಖ ಹಾಕ್ತಿ?" ಪಾದ್ರಿಗಳು ತಲೆ ಚಚ್ಚಿಕೊಂಡರು. "ನಿನ್ನ ಮನಿ ಮಾತ ಹೇಳು. ನಿನ್ನ ಹೆಂಡ್ತಿ ದಿನಾ ಏನ ಮಾಡ್ತಿದ್ಲು?"

"ಸತ್ಲು ರೀ" ಎಂದೆ.

ಅದು ಮುಗಿದ ಕೆಲಸದ ರೂಪ. ಪಾದ್ರಿಗಳು ತಿದ್ದಲಿಲ್ಲ, ಮತ್ತೆ ಕೇಳಲೂ ಇಲ್ಲ.

ನನ್ನ ಹೆಂಡತಿ ಗಾಳೆಮ್ಮ ಮೂರು ವರ್ಷದ ಹಿಂದೆ ಮಸ್ಕಿಯ ತವರಿಗೆ ಹೋದವಳು ಅಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಸುದ್ದಿಯ ಕಾರ್ಡು ನನ್ನ ಮನೆಗೆ ಬಂತು. ನಮ್ಮ ಕಡೆ ಸಾವಿನ ಕಾಗದವನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ನಿಂತು ಓದಿ, ಅಲ್ಲೇ ಹರಿದು ಬಿಸಾಕಿ, ಕಾಲು ತೊಳೆದು ಒಳಗೆ ಹೋಗಬೇಕು. ಓದು ಬಾರದ ಜನ ಅಂಥ ಕಾಗದ ಹಿಡಿದು ನನ್ನ ಗಿಡದ ಕೆಳಗೇ ಬರುತ್ತಿದ್ದರು. ಎಷ್ಟು ಓದಿ ಎಷ್ಟು ಹರಿದೆನೋ ಲೆಕ್ಕವಿಲ್ಲ. ಗಾಳೆಮ್ಮನದನ್ನೂ ಹಾಗೆಯೇ ಹರಿದೆ. ಆಮೇಲೆ ಅವಳ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತದೆಂದು ಗೊತ್ತಿತ್ತು, ಅಳುವ ಅರ್ಜಿನವೀಸನ ಹತ್ತಿರ ಯಾರು ಬರುತ್ತಾರೆ?

ಆಷಾಢದಲ್ಲಿ ಉತ್ತರ ಬಂತು. ಟಪ್ಪಾಲಿನ ರಹಿಮಾನ್ ನನ್ನನ್ನು ಬಂಗಲೆಯ ಗೇಟಿನಲ್ಲೇ ಹಿಡಿದ.

"ಯಂಕೋಬಣ್ಣ, ಈ ಸಲ ಲಕೋಟಿ ಭಾಳ ಛಂದ ಐತಿ ನೋಡು. ಸುತ್ತಾ ಕರೀ ಅಂಚು!"

ಕರಿಯ ಅಂಚಿನ ಅರ್ಥ ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅಲ್ಲೇ ಒಡೆದೆ. ಬರೆದವಳು ಪಿಲಾರಳ ಮಗಳು. ಎರಡನೆಯ ಸಾಲಿನಲ್ಲೇ ತಾಯಿ ತೀರಿಕೊಂಡ ಸುದ್ದಿ ಇತ್ತು. ಮಾಮನ ಪ್ರಶ್ನೆಗೆ ತಾಯಿಯ ಬದಲು ತಾನು ಉತ್ತರ ಬರೆಯುತ್ತಿದ್ದೇನೆ ಎಂದು ಎರಡು ಪುಟದ ತುಂಬ ತಾಯಿಯ ದಿನಚರಿ ಬರೆದಿದ್ದಳು. ಮೊದಲ ಪುಟ ಪೂರ್ತಿ ಓದಿದೆ. ಎರಡನೆಯದರ ಮೇಲೆ ಕಣ್ಣಾಡಿಸಿದೆನಷ್ಟೆ, ಒಳಗೆ ಹೋಗಿ ಹೇಗೆ ಹೇಳುವುದೆಂದೇ ನನಗೆ ಚಿಂತೆ. ಅಷ್ಟರಲ್ಲಿ ನನ್ನ ಕೈ ತನ್ನ ಇಪ್ಪತ್ತು ವರ್ಷದ ಕೆಲಸ ಮಾಡಿ ಮುಗಿಸಿತ್ತು. ಎರಡು, ನಾಲ್ಕು, ಎಂಟು ಚೂರು. ಆಷಾಢದ ಗಾಳಿ ಎತ್ತಿಕೊಂಡು ಹೋಯಿತು. ತೊಟ್ಟಿಯ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗಿ ಹೇಳಿದೆ.

ಪಾದ್ರಿಗಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಕೈ ಚಾಚಿದರು.

"ಕೊಡು."

"ಏನ ರೀ?"

"ಪತ್ರ."

ಅವರ ತಲೆದಿಂಬಿನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ತಂದೆಯದು, ತಾಯಿಯದು, ಅಣ್ಣನದು, ಸಾವಿನ ಸುದ್ದಿ ತಂದ ಕಾಗದವೆಲ್ಲ ಅದರಲ್ಲಿತ್ತು. ಕಣ್ಣು ಹೋದ ಮೇಲೂ ತೆಗೆದು ಕೈಯಲ್ಲಿ ಹಿಡಿದು ಕೂರುತ್ತಿದ್ದುದನ್ನು ನಾನೇ ನೋಡಿದ್ದೆ. ನೋಡಿಯೂ ತಲೆಗೆ ಹೋಗಿರಲಿಲ್ಲ.

"ಹರದೆ ರೀ ಸ್ವಾಮೇರ" ಎಂದೆ.

ಬೈದಿದ್ದರೆ ಚೆನ್ನಾಗಿತ್ತು. "ಅದರಾಗ ಆಕಿ ಇದ್ಲು" ಎಂದರು, ಅಷ್ಟೇ. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು.

ಆ ಸಂಜೆ ಜಾಲಿಯ ಬೇಲಿಯಲ್ಲೆಲ್ಲ ಹುಡುಕಿದೆ. ಮೂರು ಚೂರು ಸಿಕ್ಕವು. ಮರುದಿನದಿಂದ ಅರ್ಜಿಯವರನ್ನು ಹಿಂದಕ್ಕೆ ಕಳಿಸಿ, ಓದಿದ್ದನ್ನು ನೆನೆನೆನೆದು ಅವರ ಭಾಷೆಯಲ್ಲೇ ಬರೆಯಲು ಕೂತೆ. ಪಿಲಾರ್ ಬೆಳಗ್ಗೆ ಕಿಟಕಿ ತೆರೆಯುತ್ತಿದ್ದಳು. ಹಿಟ್ಟು ನಾದುತ್ತ ಹಾಡುತ್ತಿದ್ದಳು. ಟಪ್ಪಾಲಿನವನು ಬರುವ ಹೊತ್ತಿಗೆ ಬಾಗಿಲಲ್ಲಿ ಕಾಯುತ್ತಿದ್ದಳು. ಭಾನುವಾರ ಊರು ಬಿಟ್ಟುಹೋದ ಪಾದ್ರಿ ಅಣ್ಣನ ಕುರ್ಚಿ ಒರೆಸುತ್ತಿದ್ದಳು. ಮೊದಲ ಪುಟ ಪೂರ್ತಿ ನೆನಪಿಗೆ ಬಂತು. ಎರಡನೆಯದರಲ್ಲಿ ನಡುವೆ ದೊಡ್ಡ ತೂತು. ತೂತಿನ ಕಾಗದ ಕುರುಡರ ಕೈಗೆ ಹೇಗೆ ಕೊಡಲಿ? ಐದು ದಿನ ಒದ್ದಾಡಿದೆ. ಆರನೆಯ ದಿನ ತೂತು ತಾನಾಗಿಯೇ ತುಂಬಿತು. ತಡೆಯದೆ ಬರೆದೆ.

ಹೋಗಿ ಪಾದ್ರಿಗಳಿಗೆ ಓದಿದೆ. ಕುರ್ಚಿಯ ಮಾತು ಬಂದಾಗ ಅವರ ಕಣ್ಣಲ್ಲಿ ನೀರಾಡಿತು. ಮುಂದೆ ಓದಿದೆ: ನೀರು ಸೇದುವಾಗ ಹಗ್ಗಕ್ಕೆ ಬೈಯುತ್ತಿದ್ದಳು. ಕೊಡ ತುಳುಕಿದರೆ ಕೊಡಕ್ಕೂ ಬೈಯುತ್ತಿದ್ದಳು. ಮೊದಲ ರೊಟ್ಟಿಯ ತುಂಡನ್ನು ಕಾಗೆಗೆ ಹಾಕುತ್ತಿದ್ದಳು, ಅದು ಬರದಿದ್ದರೆ ಉಣ್ಣುತ್ತಿರಲಿಲ್ಲ. ಮಳೆ ಬಂದರೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು, ಒಳಗೆ ಕರೆದರೆ ನಗುತ್ತಿದ್ದಳು.

ಪಾದ್ರಿಗಳು ಕೈಯೆತ್ತಿದರು.

"ಯಂಕೋಬ, ನಮ್ಮೂರಾಗ ಹರಿಯೂ ಬುಗ್ಗಿ ಐತಿ, ಯಾರೂ ಭಾವಿ ಸೇದೂದಿಲ್ಲ. ಹಗ್ಗದ ಮಾತೇ ಇಲ್ಲ. ಯಾರಿದು?"

ಎರಡನೆಯ ಸಲವೂ ಅವರ ತಂಗಿಯನ್ನು ಕೆಡಿಸಿದೆನಲ್ಲ ಎಂದು ನಾಚಿಕೆಯಾಯಿತು.

"ಗಾಳೆಮ್ಮ ರೀ" ಎಂದೆ.

ಮೂರು ವರ್ಷದ ಮೇಲೆ ಆ ಹೆಸರು ಬಾಯಿಂದ ಬಂದದ್ದು. ಅಳು ಬಂದೇ ಬಂತು. ಪಾದ್ರಿಗಳು ತಡೆಯಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಕೇಳಿದರು:

"ಕಾಗಿ ಬರತಿತ್ತೇನು?"

"ದಿನಾ ಬರತಿತ್ತ್ರಿ. ಆಕಿ ಬೈತಿದ್ಲು, ಅದು ಉಣತಿತ್ತು."

ಅವರು ನಕ್ಕರು. "ಪಿಲಾರಂದು ನನಗ ಕೊಡು, ತೂತ ಇದ್ರೂ ಇರಲಿ. ಗಾಳೆಮ್ಮಂದು ಬ್ಯಾರೆ ಹಾಳ್ಯಾಗ ಬರಕೊಂಡು ಮನಿಗಿ ಒಯ್ಯಿ."

ಅಲ್ಲೇ ಕೂತು ಎರಡಾಗಿ ಬರೆದೆ. ಪಿಲಾರಳ ಹಾಳೆ ಡಬ್ಬಿಗೆ ಹೋಯಿತು. ನನ್ನದನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಹೊಸ್ತಿಲ ಹತ್ತಿರ ಕಾಲು ತಾವಾಗಿಯೇ ನಿಂತವು, ಕೈ ಜೇಬಿಗೆ ಹೋಯಿತು. ಹಾಳೆಯನ್ನು ಅಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ. ಆಮೇಲೆ ಕಾಲು ತೊಳೆಯದೆ ಹೊಸ್ತಿಲು ದಾಟಿ, ಗಾಳೆಮ್ಮನನ್ನು ಒಳಗೆ ಕರೆದುಕೊಂಡು ಹೋದೆ.