ಇಲ್ಲಿ ಎಲ್ಲ ನಮ್ಮವರೇ

ಮುಂಬಯಿ ಹತ್ತಿರದ ಕಲ್ಯಾಣದ ಹಳೇ ಮಾರ್ಕೆಟ್ಟಿನ ರಸ್ತೆಯಲ್ಲಿದ್ದ ಡಾಕ್ಟರ್ ಮಧ್ವರಾಜರ ಕ್ಲಿನಿಕ್ಕಿನಲ್ಲಿ ಯಾರೂ ಹೆಚ್ಚು ಹೊತ್ತು ಕಾಯಬೇಕಾಗಿರಲಿಲ್ಲ. ಡಾಕ್ಟರಿಗೆ ಅದೇ ದೊಡ್ಡ ಹೆಮ್ಮೆ. ಆ ಜಾಗದಲ್ಲಿ ಮೊದಲು ಅವರ ತಂದೆಯ ಉಡುಪಿ ಹೋಟೆಲಿತ್ತು. ಹೋಟೆಲು ಮುಚ್ಚಿದರೂ ಅಮೃತಶಿಲೆಯ ದುಂಡು ಮೇಜು ಉಳಿಯಿತು. ಊಟದ ಹೊತ್ತಿನ ಗದ್ದಲದಲ್ಲಿ ಗುರುತಿಲ್ಲದವರನ್ನೂ ಒಂದೇ ಮೇಜಿಗೆ ಕೂರಿಸುವ ಪದ್ಧತಿಯೂ ಉಳಿಯಿತು. ಕುರ್ಚಿಯಲ್ಲಿ ಡಾಕ್ಟರು, ಸುತ್ತಲಿನ ಮೂರು ಸ್ಟೂಲುಗಳಲ್ಲಿ ಮೂವರು ರೋಗಿಗಳು. ಒಬ್ಬರ ಬಿಪಿ ನೋಡುತ್ತ, ಇನ್ನೊಬ್ಬರ ಭೇದಿಯ ವಿಚಾರ ಕೇಳುತ್ತ, ಮೂರನೆಯವರಿಗೆ ಮಾತ್ರೆ ಬರೆಯುತ್ತಿದ್ದರು. ಯಾರಾದರೂ ಬಾಯಿ ಬಿಡಲು ಹಿಂಜರಿದರೆ ಒಂದೇ ಮಾತು: "ಹೇಳಿ ಮಾರಾಯ್ರೆ, ಇಲ್ಲಿ ಎಲ್ಲ ನಮ್ಮವರೇ."

ನಮ್ಮವರೇ ನಿಜ. ತೊಂದರೆ ಇದ್ದದ್ದೂ ಅಲ್ಲೇ.

ಬಾಗಿಲಲ್ಲಿ ಕುಳಿತು ಹೆಸರು ಕೂಗುವ ವಸಂತಿಗೆ ಆ ತೊಂದರೆ ಚೆನ್ನಾಗಿ ಗೊತ್ತಿತ್ತು. ನವರಾತ್ರಿಗೆ ಮೊದಲು ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಯಷ್ಟು ದಪ್ಪದ ಗಂಟೊಂದು ಕೈಗೆ ಸಿಕ್ಕಿತ್ತು. ನೋವಿಲ್ಲ, ಏನಿಲ್ಲ. ಆದರೆ ದೀಪಾವಳಿಗೆ ಅದು ಕಡಲೆಯಷ್ಟೇ ಇರಲಿಲ್ಲ. ದಿನವಿಡೀ ಡಾಕ್ಟರ ಎದುರೇ ಕೂರುವ ಹೆಂಗಸು ತನ್ನ ಗಂಟನ್ನು ಡಾಕ್ಟರಿಗೆ ಹೇಳಲಾರದೆ ಒದ್ದಾಡುತ್ತಿದ್ದಳೆಂದರೆ ನಗು ಬರಬಹುದು. ಅವಳಿಗಂತೂ ಬರುತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿದ್ದಳು. ಮೇಜಿನ ಬಳಿ ಹೋಗಿ, "ಡಾಕ್ಟ್ರೇ, ಎದೆಯ ಹತ್ತಿರ ಎಂತದೋ..." ಎಂದು ಶುರು ಮಾಡುವಷ್ಟರಲ್ಲಿ ಪಕ್ಕದ ಸ್ಟೂಲಿನಲ್ಲಿದ್ದ ಬಾಗಿ ತಲೆ ಎತ್ತಿದಳು. ಬಾಗಿ ವಸಂತಿಯ ಗಂಡನ ಅಕ್ಕ. ವಾರಕ್ಕೊಮ್ಮೆ ಶುಗರ್ ನೋಡಿಸುವ ನೆಪದಲ್ಲಿ ಬಂದು, ಊರಿನ ಸುದ್ದಿಯನ್ನೆಲ್ಲ ಅಲ್ಲೇ ಸಂಗ್ರಹಿಸಿ ತಾನಿರುವ ಡೊಂಬಿವಲಿಗೆ ಒಯ್ಯುವವಳು. ವಸಂತಿಯ ಮಗಳು ತನ್ವಿಗೆ ವಿಶ್ರುತನೆಂಬ ಹುಡುಗನ ಸಂಬಂಧ ತಂದವಳೂ ಅವಳೇ. ವಸಂತಿಯ ಮಾತು ಅಲ್ಲೇ ನಿಂತುಬಿಟ್ಟಿತು.

"ಗ್ಯಾಸು," ಎಂದರು ಡಾಕ್ಟರು, ಇನ್ನೊಬ್ಬರ ನಾಡಿ ಹಿಡಿದುಕೊಂಡೇ. "ಊಟ ಹೊತ್ತಿಗೆ ಸರಿಯಾಗಿ ಮಾಡುದಿಲ್ಲ ನೀವು."

"ಜೀರಿಗೆ ಕಷಾಯ ಕುಡಿ," ಎಂದಳು ಬಾಗಿ.

ವಸಂತಿ ಗ್ಯಾಸಿನ ಮಾತ್ರೆಯನ್ನೂ ನುಂಗಿದಳು, ಜೀರಿಗೆ ಕಷಾಯವನ್ನೂ ಕುಡಿದಳು. ಗಂಟು ಅದರ ಪಾಡಿಗೆ ಬೆಳೆಯಿತು.

ಮನೆಯಲ್ಲಿ ಗಂಡ ವಾಸುವಿನ ಬಳಿ, ತನಗೇನಾಗಿದೆ ಎಂದು ಹೇಳದೆ, ಬೇರೆ ಡಾಕ್ಟರಿಗೆ ಒಮ್ಮೆ ತೋರಿಸಿದರೆ ಹೇಗೆ ಎಂದು ಕೇಳಿದಳು.

"ನಿನಗೆ ಮರ್ಲಾ? ಅವರ ಹತ್ತಿರವೇ ಕೆಲಸ ಮಾಡಿಕೊಂಡು ಇನ್ನೊಬ್ಬರ ಹತ್ತಿರ ಹೋದರೆ ಅವರು ಎಂತ ಗ್ರಹಿಸಬೇಕು? ತನ್ವಿ ಹುಟ್ಟುವಾಗ ಆಸ್ಪತ್ರೆಗೆ ಓಡಿದ್ದು ಯಾರು?" ಎಂದ ವಾಸು. ಕೆಟ್ಟ ಮನುಷ್ಯನಲ್ಲ. ಕೃತಜ್ಞತೆ ಅವನಿಗೆ ಮೈತುಂಬ ಇತ್ತು, ಅಷ್ಟೇ.

"ಮಮ್ಮಿ, ತುಮ್ ಠೀಕ್ ಹೋ ನಾ?" ಎಂದು ತನ್ವಿ ಫೋನಿನಿಂದ ತಲೆ ಎತ್ತಿ ಹಿಂದಿಯಲ್ಲೇ ಅಮ್ಮನ ಆರೋಗ್ಯ ವಿಚಾರಿಸಿದಳು.

"ಗ್ಯಾಸು," ಎಂದಳು ವಸಂತಿ. ಮಗಳ ಮದುವೆಯ ಮಾತು ನಡೆಯುತ್ತಿರುವಾಗ ತಾಯಿಗೆ ಇಂಥ ಕಾಯಿಲೆ ಎಂದು ಗೊತ್ತಾದರೆ, ಬೀಗರಾಗುವವರು ಮಗಳ ಮೈಯಲ್ಲೂ ಅದನ್ನು ಹುಡುಕುತ್ತಾರೆ. ಆ ಭಯ ಅವಳ ಬಾಯಿಗೆ ಬೀಗ ಹಾಕಿತ್ತು. ಹೇಳಿದರೆ ಮಗಳ ಬದುಕು, ಹೇಳದಿದ್ದರೆ ತನ್ನದು. ಯಾವ ಕಡೆ ತಿರುಗಿದರೂ ಗೋಡೆ.

ಆ ದಿನಗಳಲ್ಲೇ ಕ್ಲಿನಿಕ್ಕಿನ ತಪಾಸಣೆ ಬಂತು. ತುರ್ಭೆಯ ಕಾರ್ಖಾನೆಯೊಂದು ತನ್ನ ಕೆಲಸಗಾರರನ್ನು ಗುಣಮಟ್ಟದ ಮಾನ್ಯತೆ ಪಡೆದ ಕ್ಲಿನಿಕ್ಕುಗಳಿಗೆ ಮಾತ್ರ ಕಳಿಸುತ್ತಿತ್ತು. ಮಧ್ವರಾಜರೂ ಅರ್ಜಿ ಹಾಕಿದ್ದರು. ತಪಾಸಣೆಗೆ ಥಾಣೆಯಿಂದ ಬಂದವರು ಡಾಕ್ಟರ್ ಅನಘ, ಧಾರವಾಡದ ಕಡೆಯ ಹೆಣ್ಣುಮಗಳು. ಲಸಿಕೆಯ ಫ್ರಿಜ್ಜು, ಬಳಸಿದ ಸೂಜಿಯ ಡಬ್ಬಿ, ಕೈ ತೊಳೆಯುವ ಜಾಗ, ಎಲ್ಲ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ದುಂಡು ಮೇಜಿನ ಮುಂದೆ ನಿಂತರು. ನಿಂತೇ ಇದ್ದರು.

"ಇದು ಹಿಂಗೇ ನಡೀತದೇನ್ರಿ? ಎಲ್ಲಾರೂ ಕೂಡೇ?"

"ಹೌದು. ದಿನಗೂಲಿಯವರು ಜಾಸ್ತಿ ಬರುದು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರೆ ಅವರ ಅರ್ಧ ದಿನ ಹೋಗ್ತದೆ. ಇನ್ನು ಹೆಂಗಸರನ್ನು ಬಾಗಿಲು ಹಾಕಿ ನೋಡಿದರೆ ಜನ ಸುಮ್ಮನಿರ್ತಾರಾ? ತೆರೆದೇ ಇದ್ದರೆ ಅವರಿಗೂ ಕ್ಷೇಮ, ನನಗೂ ಕ್ಷೇಮ," ಎಂದರು ಮಧ್ವರಾಜರು. ಮಾತಿನಲ್ಲಿ ಸುಳ್ಳಿರಲಿಲ್ಲ.

"ಖರೆ ಅದ. ಅದಕ್ಕ ಒಳಗ ಇನ್ನೊಬ್ಬ ಹೆಣ್ಣುಮಗಳು ನಿಂತರ ಆತು," ಎಂದು ಅನಘ ಡಾಕ್ಟರ ಕುರ್ಚಿಯಲ್ಲಿ ತಾವೇ ಕುಳಿತರು. "ಒಂದ್ ಕೆಲಸ ಮಾಡೋಣ. ನೀವು ಈ ಸ್ಟೂಲ್ ಮ್ಯಾಲ ಕೂಡ್ರಿ. ಈಗ ನೀವು ಪೇಷಂಟ್."

ಮಧ್ವರಾಜರು ನಗುತ್ತ ಕುಳಿತರು. ಒಂದು ಪಕ್ಕದಲ್ಲಿ ಬಾಗಿ, ಇನ್ನೊಂದು ಪಕ್ಕದಲ್ಲಿ ಕೈಗೆ ಪೆಟ್ಟು ಮಾಡಿಕೊಂಡಿದ್ದ ಹಮಾಲ ಸಿದ್ರಾಮ.

"ಈಚೆಗೆ ನೀವು ಯಾರ ಕಡೆ ತೋರ್ಸಿದ್ರಿ?"

"ಥಾಣೆಯಲ್ಲಿ ಒಬ್ಬರಿದ್ದಾರೆ."

"ಏನಾಗಿತ್ತು?"

ಡಾಕ್ಟರು ಬಾಯಿ ತೆರೆದರು. ಬಾಗಿ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. ಡಾಕ್ಟರು ಬಾಯಿ ಮುಚ್ಚಿದರು. ಕಿವಿ ಕೆಂಪಾಯಿತು.

"ಹೇಳ್ರಿ ಸಾಹೇಬ್ರ, ನಾಚ್ಕೋಬ್ಯಾಡ್ರಿ," ಎಂದ ಸಿದ್ರಾಮ, ತನಗೆ ಅವರು ಎಷ್ಟೋ ಸಲ ಹೇಳಿದ್ದನ್ನೇ ಪ್ರೀತಿಯಿಂದ ತಿರುಗಿ ಹೇಳುತ್ತ. "ಇಲ್ಲಿ ಎಲ್ಲಾ ನಮ್ಮವರ ಅದಾರ."

ಅನಘ ಮೆಲ್ಲಗೆ ಕೇಳಿದರು, "ಕಲ್ಯಾಣದಾಗ ಡಾಕ್ಟರ್ ಇರ್ಲಿಲ್ಲೇನ್ರಿ? ಲೋಕಲ್ ಟ್ರೇನ್ ಹಿಡಿದು ಅಷ್ಟು ದೂರ ಯಾಕ ಹೋದ್ರಿ?"

"ಇದ್ದಾರೆ. ಆದರೆ ಇಲ್ಲಿ ಎಲ್ಲರಿಗೂ ನನ್ನ ಗುರುತು ಉಂಟು," ಎಂದ ಮಧ್ವರಾಜರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಸ್ಟೂಲಿನಿಂದ ಏಳುವುದು ಅವರಿಗೆ ಸ್ವಲ್ಪ ತಡವಾಯಿತು.

ಬಾಗಿಲಲ್ಲಿ ಕುಳಿತಿದ್ದ ವಸಂತಿ ಎಲ್ಲವನ್ನೂ ಕೇಳಿಸಿಕೊಂಡಳು. ತಾನು ಹೇಡಿ ಎಂದು ಇಷ್ಟು ದಿನ ತನ್ನನ್ನೇ ಬೈದುಕೊಂಡಿದ್ದಳು. ಡಾಕ್ಟರೂ ಹೇಳಲಾರದ್ದನ್ನು ತಾನು ಹೇಳಲಾರದೆ ಹೋದದ್ದು ಅಂಥ ತಪ್ಪೇನಲ್ಲ ಎಂದು ಮೊದಲ ಸಲ ಅನ್ನಿಸಿತು.

ಅನಘ ಮಾನ್ಯತೆ ಕೊಡದೆ, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೋದರು. ಮಧ್ವರಾಜರು ಎರಡು ದಿನ ಎಲ್ಲರ ಮೇಲೂ ಸಿಡುಕಿದರು. ಮೂರನೆಯ ದಿನ ಬಡಗಿಯನ್ನು ಕರೆಸಿದರು. ಹಿಂದೆ ಹೋಟೆಲಿನ ಫ್ಯಾಮಿಲಿ ರೂಮಾಗಿದ್ದ ಮೂಲೆಯ ಕೋಣೆಯಲ್ಲಿ ಔಷಧಿಯ ಖಾಲಿ ಪೆಟ್ಟಿಗೆಗಳು ತುಂಬಿದ್ದವು. ಅವನ್ನು ಹೊರಗೆ ಹಾಕಿಸಿ, ಅರ್ಧ ಬಾಗಿಲನ್ನು ಕೀಳಿಸಿ, ಪೂರ್ತಿ ಬಾಗಿಲು ಕೂರಿಸಿದರು. ಹೆಂಗಸರನ್ನು ನೋಡುವಾಗ ಜೊತೆಯಲ್ಲಿರಲು ಶ್ರೀಲಕ್ಷ್ಮಿ ಎಂಬ ನರ್ಸು ಬಂದಳು. ದುಂಡು ಮೇಜು ಕಾಯುವವರ ಪಾಲಾಯಿತು.

"ಎಂತ ವಸಂತಿ, ನಿಮ್ಮ ಡಾಕ್ಟ್ರಿಗೆ ದೊಡ್ಡಸ್ತಿಕೆ ಬಂತಾ? ಎಷ್ಟು ಹೊತ್ತು ಕೂರುದು?" ಎಂದು ಗೊಣಗಿದಳು ಬಾಗಿ. ಗೊಣಗಿದರೂ, ತನ್ನ ಸರದಿ ಬಂದಾಗ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ. ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಮಾತಿಲ್ಲದೆ ಹೋದಳು. ಅವಳಿಗೂ ಏನೋ ಇತ್ತೆಂದು ವಸಂತಿಗೆ ಆಗ ತಿಳಿಯಿತು. ಏನೆಂದು ತಿಳಿಯಲಿಲ್ಲ.

ವಸಂತಿ ಮುಂದಿನ ಹೆಸರು ಕೂಗಲಿಲ್ಲ. ಎದ್ದು, ಕಾಯುತ್ತಿದ್ದವರಿಗೆ "ಸ್ವಲ್ಪ ಕೂತ್ಕೊಳ್ಳಿ" ಎಂದು ಹೇಳಿ ಒಳಗೆ ಹೋದಳು. ಶ್ರೀಲಕ್ಷ್ಮಿ ಗೋಡೆಯ ಬಳಿ ನಿಂತಿದ್ದಳು. ವಸಂತಿ ಬಾಗಿಲು ಹಾಕಿದಳು.

"ಮುಂದೆ ಯಾರು?" ಎಂದರು ಡಾಕ್ಟರು, ಕೈ ತೊಳೆಯುತ್ತ.

"ನಾನು."

ಡಾಕ್ಟರು ತಿರುಗಿ ನೋಡಿದರು. ಗ್ಯಾಸಿನ ಮಾತ್ರೆ ಬರೆದದ್ದು ನೆನಪಾಯಿತೋ ಏನೋ, ಅವರ ಮುಖ ಸಣ್ಣದಾಯಿತು. ಕೈ ಒರೆಸಿಕೊಂಡು ಬಂದು ಅವಳ ಎದುರು ಕುಳಿತರು.

"ಹೇಳಿ," ಎಂದರು. ಎಂದಿನ ಮಾತನ್ನು ಅದಕ್ಕೆ ಸೇರಿಸಲಿಲ್ಲ.

ವಸಂತಿ ಹೇಳಿದಳು.