ಒಂದೇ ಅರದ ಎರಡು ಚಾಕು

ಸಾರ್ದೀನಿಯಾ ದ್ವೀಪದ ನಡುಬೆಟ್ಟಗಳಲ್ಲಿ ಊಟಕ್ಕೆ ಬಂದವರಿಗೆ ರೊಟ್ಟಿ ಇಡುತ್ತಾರೆ, ಚೀಸ್ ಇಡುತ್ತಾರೆ, ಬೇಡವೆಂದರೂ ಬಿಡದೆ ವೈನ್ ಸುರಿಯುತ್ತಾರೆ. ಚಾಕು ಮಾತ್ರ ಇಡುವುದಿಲ್ಲ. ಅವರವರ ಜೇಬಿನಿಂದ ಅವರವರ ಮಡಚುಚಾಕು ಹೊರಗೆ ಬರಬೇಕು, ಊಟವಾದ ಮೇಲೆ ರೊಟ್ಟಿಯ ಚೂರಿನಲ್ಲಿ ಒರೆಸಿಕೊಂಡು ಅವರವರ ಜೇಬಿಗೇ ಮರಳಬೇಕು. ಚಾಕು ಮರೆತು ಬಂದೆ ಎನ್ನುವವನನ್ನು ಇಲ್ಲಿ ಯಾರೂ ನಂಬುವುದಿಲ್ಲ. ಮೂಗು ಮರೆತು ಬಂದೆ ಎಂದರೆ ಬೇಕಾದರೆ ನಂಬಿಯಾರು.

ಗೊನಾರಿಯೊ ಆ ಭಾನುವಾರ ಕುರಿದೊಡ್ಡಿಯ ಮುಂದಿನ ಓಕ್ ಮರದ ಕೆಳಗೆ ಹಲಗೆ ಹಾಸಿ, ಹಪ್ಪಳದಂಥ ತೆಳು ರೊಟ್ಟಿಗಳನ್ನು ಪೇರಿಸಿ, ಹಂದಿಮರಿಯನ್ನು ಕೆಂಡದೆದುರು ಸುಡಲು ನಿಲ್ಲಿಸಿದ್ದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಮನಸ್ಸು ಅಂಗಿಯ ಜೇಬಿನಲ್ಲಿತ್ತು. ಜೇಬಿನಲ್ಲೊಂದು ಬೆಂಕಿಪೊಟ್ಟಣ, ಅದರೊಳಗೆ ಅಕ್ಕಿಕಾಳಿನಷ್ಟು ಉಕ್ಕಿನ ಚೂರು.

ಬುಧವಾರ ಬೆಳಗ್ಗೆ ಅವನ ಹಿಂಡಿನ ಹತ್ತಾರು ಕುರಿಗಳು ಮೇಲೇಳಲಾರದೆ ಬಿದ್ದಿದ್ದವು. ಯಾರೋ ಹಿಂಗಾಲಿನ ನರ ಕೊಯ್ದು ಹೋಗಿದ್ದರು. ಆ ಸೀಮೆಯಲ್ಲಿ ಇದು ಕಳ್ಳತನವಲ್ಲ, ಸಂದೇಶ: ಇವತ್ತು ನಿನ್ನ ಕುರಿ, ನಾಳೆ ನೀನು. ಪೊಲೀಸರು ಬಂದರು, ನೋಡಿದರು, ಕಾಫಿ ಕುಡಿದು ಹೋದರು. ನರಳುತ್ತಿದ್ದ ಕುರಿಗಳ ಕತ್ತು ಕೊಯ್ದು ಮುಕ್ತಿ ಕೊಟ್ಟವನು ಗೊನಾರಿಯೊನ ಮಗ ಮಿಕೆಲಿ. ಇಪ್ಪತ್ತಾರರ ಹುಡುಗ, ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಕಿವಿ ಸವರಿ, ಆಮೇಲೆ ಕೊಯ್ದ. ಒಂದು ಕುರಿಯ ಗಂಟಿನ ಮೂಳೆಯಲ್ಲಿ ಹೊಸ ಗೀರು ಕಂಡು, ಕೊಯ್ದವನ ಚಾಕು ಮೂಳೆಗೆ ತಾಕಿ ಮೊನೆ ಮುರಿದಿದೆ ಎಂದ. ಊರಿನ ಒಂದೊಂದು ಚಾಕನ್ನೂ ನೋಡುತ್ತೇನೆ, ಮೊನೆಯಿಲ್ಲದ ಚಾಕಿನವನನ್ನು ಆ ಕುರಿಗಳ ಪಕ್ಕದಲ್ಲೇ ಮಲಗಿಸುತ್ತೇನೆ ಎಂದೂ ಹೇಳಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಅಪ್ಪನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮುರಿದ ಮೊನೆ ಮಗನಿಗಿಂತ ಮೊದಲೇ ಅಪ್ಪನ ಕೈಗೆ ಸಿಕ್ಕಿತ್ತು. ಬಿಸಿಲಿಗೆ ಹಿಡಿದಾಗ ಉಕ್ಕಿನ ಮೇಲೆ ಸಣ್ಣ ಸಣ್ಣ ಓರೆಗೆರೆ ಕಂಡವು, ಅರದ ಹಲ್ಲಿನ ಗುರುತು. ಹಳೆಯ ಅರ ಬಡಿದು ಮಾಡಿದ ಚಾಕು ಆ ಊರಲ್ಲಿ ಎರಡೇ ಎರಡು. ಮಿಕೆಲಿ ಹುಟ್ಟಿದ ವರ್ಷ ಗೊನಾರಿಯೊನೇ ಅಜ್ಜನ ಅರವನ್ನು ಚಾಕುಗಳಿಗೆ ಹೆಸರಾದ ಪತ್ತಾದ ಊರಿನ ಕಮ್ಮಾರನಿಗೆ ಒಯ್ದು ಕೊಟ್ಟಿದ್ದ. ಒಂದೇ ಅರದಿಂದ ಎರಡು ಅಲಗು, ಒಂದೇ ಟಗರಿನ ಎರಡು ಕೊಂಬಿನಿಂದ ಎರಡು ಹಿಡಿ. ಒಂದು ಚಾಕು ತನಗೆ. ಇನ್ನೊಂದು, ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಜ್ಞಾನತಂದೆಯಾಗಿ ನಿಂತ ಬುಸ್ತಿಯಾನುವಿಗೆ. ಅಂದಿನಿಂದ ಇವರಿಬ್ಬರೂ ಒಬ್ಬರಿಗೊಬ್ಬರು ಗೊಂಪಾರೆ. ಆ ಸಂಬಂಧ ಅಲ್ಲಿ ಒಡಹುಟ್ಟಿದವರಿಗಿಂತ ಒಂದು ಕೈ ಮೇಲು.

ಕಾರಣವೂ ಗೊನಾರಿಯೊನಿಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಅವನು ತನ್ನ ಒರತೆಗೆ ತಂತಿಬೇಲಿ ಹಾಕಿಸಿದ್ದ. ಹಾಕಿಸಿದ್ದು ತಪ್ಪಲ್ಲ. ವೈನ್ ಅಂಗಡಿಯಲ್ಲಿ ನಾಲ್ಕು ಜನರೆದುರು, ಬುಸ್ತಿಯಾನುವಿನ ಕುರಿಗಳ ಕಜ್ಜಿ ನನ್ನ ನೀರಿಗೆ ಬೇಡ ಎಂದು ನಗುತ್ತಾ ಹೇಳಿದ್ದು ತಪ್ಪು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬುಸ್ತಿಯಾನುವೂ ಆಗ ಎಲ್ಲರ ಜೊತೆ ನಕ್ಕ. ಆಮೇಲೆಯೂ ಭಾನುವಾರ ಭಾನುವಾರ ಬಂದ, ಉಂಡ, ಚಾಕುಗಳ ಬಗ್ಗೆ ಹರಟಿದ. ಹೊಟ್ಟೆಯೊಳಗಿನ ಕಿಚ್ಚಿನ ಹೊಗೆ ಒಂದು ದಿನವೂ ಮುಖಕ್ಕೆ ಬರಲಿಲ್ಲ.

ಈಗ ಆ ಹೆಸರು ಮಿಕೆಲಿಯ ಕಿವಿಗೆ ಬಿದ್ದರೆ ಬುಸ್ತಿಯಾನು ಉಳಿಯುವುದಿಲ್ಲ. ಬುಸ್ತಿಯಾನುವಿಗೆ ಮೂವರು ಗಂಡುಮಕ್ಕಳು. ಅವನು ಸತ್ತರೆ ಮಿಕೆಲಿಯೂ ಉಳಿಯುವುದಿಲ್ಲ. ಅಂಥ ಲೆಕ್ಕ ಶುರುವಾಗಿ ಎರಡು ಮನೆಗಳ ಬಾಗಿಲಿಗೆ ಶಾಶ್ವತವಾಗಿ ಬೀಗ ಬಿದ್ದದ್ದನ್ನು ಗೊನಾರಿಯೊ ಚಿಕ್ಕಂದಿನಲ್ಲೇ ಕಂಡಿದ್ದ.

ಬುಸ್ತಿಯಾನು ಬರದೇ ಇರಲಾರ ಎಂದೂ ಅವನಿಗೆ ಗೊತ್ತಿತ್ತು. ಇಂಥ ವಾರದಲ್ಲಿ ಭಾನುವಾರದ ಊಟಕ್ಕೆ ತಪ್ಪಿಸಿಕೊಂಡರೆ, ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಂತೆ. ಸರಿ, ಅವನು ಬಂದ. ಬಗಲಲ್ಲಿ ವೈನ್ ಬುಂಡೆ, ಮುಖದ ತುಂಬ ನಗೆ. ಗೊನಾರಿಯೊ ಅವನನ್ನು ಇಳಿಜಾರಿನ ಕೆಳಗಿನ ಕಲ್ಲುಬೇಲಿಯ ಹತ್ತಿರವೇ ತಡೆದು, ದೊಡ್ಡಿಯ ಹಿಂದಕ್ಕೆ ಕರೆದೊಯ್ದು ಬೆಂಕಿಪೊಟ್ಟಣ ತೆರೆದ.

ಬುಸ್ತಿಯಾನು ನೋಡಿದ. ನಗೆ ಇಳಿಯಿತು.

"ಯಾರ್ಯಾರಿಗೆ ತೋರಿಸ್ದೆ?" ಎಂದ. ಕ್ಷಮೆಯಿಲ್ಲ, ಕಾರಣವಿಲ್ಲ, ಮೊದಲ ಮಾತೇ ಅದು.

"ಯಾರಿಗೂ ಇಲ್ಲ."

"ಮಿಕೆಲಿಗೆ?"

"ಅವನಿಗೆ ತೋರಿಸಿದ್ರೆ ನೀನು ಇಲ್ಲೀತನಕ ನಡ್ಕೊಂಡು ಬರ್ತಿದ್ಯಾ ಗೊಂಪಾರೆ?"

ಚಾಕು ಬಾಗಿಲ ಸಂದಿಗೆ ಸಿಕ್ಕಿ ಮುರಿಯಿತು ಎನ್ನೋಣವೆಂದುಕೊಂಡಿದ್ದೆ ಎಂದು ಬುಸ್ತಿಯಾನು ನೆಲ ನೋಡುತ್ತ ಹೇಳಿದ. ಗೊನಾರಿಯೊನಿಗೆ ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಅಳುವೂ ಬಂತು. ಇಪ್ಪತ್ತಾರು ವರ್ಷ ಒಂದೇ ಹಲಗೆಯ ಮೇಲೆ ಉಂಡವನು, ಉಡುಗೊರೆಯಾಗಿ ಬಂದ ಚಾಕಿನಿಂದಲೇ ಕೊಟ್ಟವನ ಕುರಿ ಕೊಯ್ದಿದ್ದ. ಬೇರೆ ಚಾಕು ಇರಲಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬೇಕೆಂದೇ ಇದನ್ನು ಆರಿಸಿದ್ದ ಎಂದು ತಿಳಿಯುವುದು ಯಾರಿಗೆ ಬೇಕು? ಪ್ಯಾಂಟಿನ ಜೇಬಿಗೆ ಕೈಹಾಕಿ ತನ್ನ ಚಾಕು ತೆಗೆದು ಬುಸ್ತಿಯಾನುವಿನ ಕೈಗಿಟ್ಟ. ಅದೇ ಅಲಗು, ಅದೇ ಕೊಂಬು, ಮೊನೆ ಮಾತ್ರ ನೆಟ್ಟಗಿತ್ತು.

"ಇದರಲ್ಲಿ ಊಟ ಮಾಡು. ಹೋಗ್ತಾ ಆ ಬೇಲಿ ಹತ್ರ ವಾಪಸ್ ಕೊಡು. ಆಮೇಲೆ ಈ ಕಡೆ ತಲೆ ಹಾಕ್ಬೇಡ. ನಿನ್ನ ಮೇಲಿನ ಪ್ರೀತಿಗೆ ಕೊಡ್ತಿದೀನಿ ಅನ್ಕೋಬೇಡ. ನಂಗಿರೋನು ಒಬ್ಬನೇ ಮಗ."

ಬುಸ್ತಿಯಾನು ಚಾಕನ್ನು ಜೇಬಿಗಿಳಿಸಿದ. ಅವನದೂ ಅದೇ ಜೇಬಿನಲ್ಲಿತ್ತೇನೋ, ಕೊಂಬಿಗೆ ಕೊಂಬು ತಾಕಿದ ಸದ್ದು ಕೇಳಿಸಿತು.

ಅಷ್ಟರಲ್ಲಿ ಮಿಕ್ಕ ಇಬ್ಬರೂ ಬಂದರು: ಕ್ಷೌರದಂಗಡಿಯ ತೊತೋನಿ, ಎಂಬತ್ತು ದಾಟಿದ ಪ್ರೆದು ತಾತ. ಚಾಕುಗಳ ಹುಚ್ಚು ಹತ್ತಿದ ಇವರು ನಾಲ್ವರೂ ವರ್ಷಾನುಗಟ್ಟಲೆಯಿಂದ ಹೀಗೆ ಸೇರುವವರೇ. ಯಾರು ಯಾವ ಎಣ್ಣೆ ಹಚ್ಚಿದರು, ಯಾರು ಸಾಣೆಕಲ್ಲಿಗೆ ಎಂಜಲು ತಾಗಿಸಿ ಅಪಚಾರ ಮಾಡಿದರು, ಯಾವ ಊರಿನ ಕಮ್ಮಾರ ಕೊಂಬಿನ ಬದಲು ಪ್ಲಾಸ್ಟಿಕ್ ಹಾಕಿ ನರಕಕ್ಕೆ ಹೋಗಲಿದ್ದಾನೆ, ಇದೇ ಮಾತು. ತೊತೋನಿ ಈಚೆಗೆ ಫೋನಿನಲ್ಲಿ ಒಂದು ಗುಂಪು ಸೇರಿದ್ದ. ಎಲ್ಲೆಲ್ಲಿಯವರೋ ತಮ್ಮ ಚಾಕನ್ನು ಅವತ್ತಿನ ಸೇಬಿನ ಪಕ್ಕ, ಟ್ರ್ಯಾಕ್ಟರಿನ ಸೀಟಿನ ಮೇಲೆ, ಮೊಮ್ಮಗಳ ಬಣ್ಣದ ಪೆನ್ಸಿಲುಗಳ ನಡುವೆ ಇಟ್ಟು ಫೋಟೊ ಹಾಕುತ್ತಿದ್ದರು. ಇವನೂ ಪ್ರತಿ ಭಾನುವಾರ ಹಲಗೆಯ ಮೇಲಿನ ಚಾಕುಗಳನ್ನು ಹಾಕುತ್ತಿದ್ದ. ಬ್ರೆಜಿಲಿನ ದನಗಾಹಿಯೊಬ್ಬ ಎಲ್ಲದಕ್ಕೂ ಹೃದಯದ ಚಿಹ್ನೆ ಒತ್ತುತ್ತಾನೆ ಎಂಬುದೇ ಅವನಿಗೆ ದೊಡ್ಡ ಹೆಮ್ಮೆ.

"ತೆಗೀರಪ್ಪ ಎಲ್ರೂ. ಬ್ರೆಜಿಲ್ ಕಾಯ್ತಿದೆ" ಎಂದ ತೊತೋನಿ.

ಗುಡಿಸಲಿನಿಂದ ಮಿಕೆಲಿಯೂ ಬಂದು ನಿಂತ. ಬೇರೆ ಭಾನುವಾರಗಳಲ್ಲಿ ಅವನು ಇವರ ಜೊತೆ ಕೂರುತ್ತಿರಲಿಲ್ಲ. ಚಾಕುಹುಚ್ಚರ ಸಂತೆ ಎಂದು ಹಾಸ್ಯ ಮಾಡಿ ಹಿಂಡಿನ ಕಡೆ ಹೋಗುತ್ತಿದ್ದ. ಇವತ್ತು ಹಾಸ್ಯ ಮಾಡಲಿಲ್ಲ. ಪ್ರೆದು ತಾತ ತನ್ನ ಸವೆದು ಕಡ್ಡಿಯಾದ ಚಾಕನ್ನು ತೆರೆದಿಟ್ಟ. ತೊತೋನಿ ಇಟ್ಟ. ಗೊನಾರಿಯೊ ಹಳದಿ ಕೊಂಬಿನ ಹೊಸ ಚಾಕೊಂದನ್ನು ತೆರೆದು, ಇವತ್ತು ಇದರ ಮೊದಲ ಊಟ ಎಂದ. ಹೊಸ ಚಾಕು ತಂದ ದಿನ ಅದರಲ್ಲೇ ಉಣ್ಣುವುದು ಎಲ್ಲರ ರೂಢಿ, ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಬುಸ್ತಿಯಾನು ಇಟ್ಟ.

ಮಿಕೆಲಿ ಬಗ್ಗಿದ. ಒಂದೊಂದು ಮೊನೆಯನ್ನೂ ನೋಡಿದ. ಬುಸ್ತಿಯಾನುವಿನ ಮುಂದಿದ್ದುದರ ಮೇಲೆ ಕಣ್ಣು ಸ್ವಲ್ಪ ಹೆಚ್ಚೇ ನಿಂತಿತು ಎನ್ನಿಸಿತು ಗೊನಾರಿಯೊನಿಗೆ. ಹಂದಿಮರಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿತು.

"ತಪ್ಪು ತಿಳ್ಕೋಬೇಡಿ ನೊನ್ನು" ಎಂದ ಮಿಕೆಲಿ. ಜ್ಞಾನತಂದೆಯನ್ನು ಅಲ್ಲಿ ಹಾಗೆಯೇ ಕರೆಯುವುದು. "ಈ ವಾರ ಎಲ್ಲರ ಚಾಕೂ ನೋಡ್ತಿದೀನಿ."

"ನೋಡ್ಬೇಕು ಮಗಾ. ನಿನ್ನ ಜಾಗದಲ್ಲಿ ನಾನಿದ್ರೂ ನೋಡ್ತಿದ್ದೆ."

ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎಂದರೆ ಇದೇ. ಆದರೆ ಆ ಸುಳ್ಳಿಗೆ ಗೊನಾರಿಯೊ ಮನಸ್ಸಿನಲ್ಲೇ ಕೈಮುಗಿದ. ಮಿಕೆಲಿಯ ಬಿಗಿದ ಭುಜಗಳು ಸಡಿಲವಾದವು. ಹಲಗೆಯ ಕೊನೆಯಲ್ಲಿ ಕೂತು ತನ್ನ ಚಾಕನ್ನೂ ತೆರೆದ.

ಪ್ರೆದು ತಾತನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಬುಸ್ತಿಯಾನುವಿನ ಮುಂದಿದ್ದ ಚಾಕನ್ನು ಎತ್ತಿಕೊಂಡು ಕೊಂಬಿನ ಬಾಗಿನ ಮೇಲೆ ಹೆಬ್ಬೆರಳು ಓಡಿಸಿದ. ಆ ಜೋಡಿಯಲ್ಲಿ ಗೊನಾರಿಯೊನ ಚಾಕು ಟಗರಿನ ಎಡಗೊಂಬಿನದು, ಬುಸ್ತಿಯಾನುವಿನದು ಬಲಗೊಂಬಿನದು. ತಾತನ ಬೆರಳು ನಿಂತಿತು. ತಲೆಯೆತ್ತಿ ಗೊನಾರಿಯೊನನ್ನು ನೋಡಿದ, ಮಿಕೆಲಿಯನ್ನು ನೋಡಿದ, ಚಾಕನ್ನು ಇದ್ದಲ್ಲೇ ಇಟ್ಟ.

"ಹರಿತ ಚೆನ್ನಾಗಿದೆ" ಎಂದಷ್ಟೇ ಹೇಳಿ ರೊಟ್ಟಿ ಮುರಿದ.

ಊಟ ನಡೆಯಿತು. ಬುಸ್ತಿಯಾನು ಮಾಂಸ ಕೊಯ್ದು ಮಿಕೆಲಿಯ ರೊಟ್ಟಿಯ ಮೇಲೂ ಒಂದು ತುಂಡು ಇಟ್ಟ. ಬ್ರೆಜಿಲ್‌ನವನ ಹೃದಯ ಬಂತು, ತೊತೋನಿ ಫೋನನ್ನು ಎಲ್ಲರ ಮೂಗಿಗೂ ಹಿಡಿದ. ಆ ದನಗಾಹಿ ಹೆಣ್ಣಿರಬಹುದು, ಗಡ್ಡದ ಫೋಟೊ ನೋಡಿ ಮೋಸ ಹೋಗಬೇಡ ಎಂದು ಪ್ರೆದು ತಾತ ಕೀಟಲೆ ಮಾಡಿದ. ಮಿಕೆಲಿ ನಕ್ಕ. ಬುಧವಾರದಿಂದ ಅವನು ನಕ್ಕದ್ದು ಅದೇ ಮೊದಲು. ಆ ನಗು ಕಂಡು ಗೊನಾರಿಯೊನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮತ್ತೆ ಮತ್ತೆ ವೈನ್ ಸುರಿದುಕೊಂಡ. ಹಿಂಡು ಮತ್ತೆ ಬೆಳೆಯುತ್ತದೆ, ಮುಂದಿನ ವರ್ಷ ಇವನಿಗೆ ಮದುವೆ ಮಾಡಬೇಕು, ಒರತೆಯ ಬೇಲಿ ನಾಳೆಯೇ ಕಿತ್ತರಾಯಿತು ಎಂದೆಲ್ಲ ಮನಸ್ಸು ಹರಿಯತೊಡಗಿತು.

ಮನಸ್ಸು ಹಾಗೆ ಹರಿಯುತ್ತಿದ್ದಾಗ ಕೈ ತನ್ನ ಅಭ್ಯಾಸಕ್ಕೆ ಬಿತ್ತು. ಬುಸ್ತಿಯಾನು ಚಾಕು ಕೆಳಗಿಟ್ಟು ಬುಂಡೆಯ ಕಡೆ ತಿರುಗಿದ್ದ. ಹಲಗೆಯ ಮೇಲೆ ಕೊಬ್ಬು ಮೆತ್ತಿಕೊಂಡು ಬಿದ್ದ ತನ್ನ ಚಾಕು ಕಣ್ಣಿಗೆ ಬಿದ್ದದ್ದೇ ತಡ, ಗೊನಾರಿಯೊ ಅದನ್ನೆತ್ತಿಕೊಂಡ. ರೊಟ್ಟಿಯ ಚೂರಿನಲ್ಲಿ ಈ ಕಡೆ ಆ ಕಡೆ ಒರೆಸಿದ. ಚೂರನ್ನು ಬಾಯಿಗೆ ಹಾಕಿಕೊಂಡ. ಟಕ್ಕೆಂದು ಮಡಚಿ ಪ್ಯಾಂಟಿನ ಜೇಬಿಗಿಳಿಸಿದ. ಇಪ್ಪತ್ತಾರು ವರ್ಷ ದಿನವೂ ಮಾಡಿದ ಕೆಲಸ. ರೊಟ್ಟಿ ಅಗಿಯುತ್ತಿದ್ದಾಗ, ಸುತ್ತ ಮಾತು ನಿಂತಿರುವುದು ಅವನ ಗಮನಕ್ಕೆ ಬಂತು.

ಆ ಸೀಮೆಯಲ್ಲಿ ಯಾರೂ ಇನ್ನೊಬ್ಬನ ಚಾಕನ್ನು ಮಡಚುವುದಿಲ್ಲ. ಜೇಬಿಗೆ ಹಾಕಿಕೊಳ್ಳುವ ಮಾತಂತೂ ದೂರವೇ ಉಳಿಯಿತು.

"ಅಪ್ಪ, ಅದು ಯಾರ ಚಾಕು?" ಎಂದ ಮಿಕೆಲಿ.

ತೊತೋನಿ ಫೋನನ್ನು ಬೋರಲು ಹಾಕಿದ. ಪ್ರೆದು ತಾತ ಕಣ್ಣು ಮುಚ್ಚಿಕೊಂಡ.

"ನೊನ್ನು, ನಿಮ್ದು ತೆಗೀರಿ."

ಬುಸ್ತಿಯಾನು ಜೇಬಿನಿಂದ ಚಾಕು ತೆಗೆದು, ತಾನೇ ತೆರೆದು, ಮಿಕೆಲಿಯ ಮುಂದೆ ಇಟ್ಟ. ಮೊನೆಯಿರಬೇಕಾದಲ್ಲಿ ಮುರಿದ ಹಲ್ಲಿನಂತೆ ಮೊಂಡು. ಮಿಕೆಲಿ ಅದನ್ನು ನೋಡಿದ್ದು ಕ್ಷಣ ಮಾತ್ರ. ನೋಡಿದ್ದು ಅಪ್ಪನನ್ನು.

"ನಿಂಗೆ ಗೊತ್ತಿತ್ತು."

"ಮಗಾ, ಕುರಿ ಹೋದ್ರೆ ಕುರಿ ಬರ್ತವೆ."

"ಕುರಿ ಮಾತು ಮುಗೀತಪ್ಪ."

ಎದ್ದು ಗುಡಿಸಲಿಗೆ ಹೋದ. ಹೊರಬಂದಾಗ ಹೆಗಲಲ್ಲಿ ಬಂದೂಕಿತ್ತು. ಬುಸ್ತಿಯಾನುವಿನ ಪಕ್ಕ ನಿಂತು, ಮರ್ಯಾದೆಯಿಂದಲೇ ಮಾತಾಡಿದ. "ನೀವು ಊಟಕ್ಕೆ ಬಂದೋರು. ಇಲ್ಲಿ ಕೂತಿರೋ ತನಕ ನಿಮ್ಮನ್ನ ಯಾರೂ ಮುಟ್ಟಲ್ಲ. ನಿಧಾನಕ್ಕೆ ಮುಗಿಸ್ಕೊಂಡು ಬನ್ನಿ. ಬೇಲಿ ಹತ್ರ ಇರ್ತೀನಿ." ಅಪ್ಪನ ಕಡೆ ತಿರುಗದೆ ಇಳಿಜಾರು ಇಳಿದು, ಬೇಲಿಯ ಕಲ್ಲಿನ ಮೇಲೆ ಇತ್ತ ಮುಖಮಾಡಿ ಕೂತ.

ತೊತೋನಿಯ ಕೈ ಫೋನಿನ ಕಡೆ ಸರಿಯಿತು. ಪೊಲೀಸರಿಗೆ ಹೇಳಿದರೆ ಇವತ್ತು ತಪ್ಪುತ್ತದೆ, ನಾಳೆ ತಪ್ಪುವುದಿಲ್ಲ, ಬುಸ್ತಿಯಾನುವಿನ ಮಕ್ಕಳಿಗೆ ಹೇಳಿದರೆ ಇವತ್ತೇ ನಾಲ್ಕು ಹೆಣ ಎಂದು ಪ್ರೆದು ತಾತ ಆ ಕೈಯನ್ನು ಹಿಡಿದುಕೊಂಡ. ಗೊನಾರಿಯೊ ಮಗನ ಬಳಿಗೆ ಹೋಗಿ ಕಾಲು ಹಿಡಿಯಲೂ ಸಿದ್ಧನಿದ್ದ. ಹೋದ ಕೂಡ. ಮಿಕೆಲಿ ಕಿವುಡನಂತೆ ಕೂತಿದ್ದ. ಮರಳಿ ಬಂದಾಗ ಬುಸ್ತಿಯಾನು ಬಿಳುಚಿಕೊಂಡು, ಹಲಗೆಗೆ ಕೈಯೂರಿ ಏಳುತ್ತಿದ್ದ.

"ಹೋಗ್ತೀನಿ ಗೊಂಪಾರೆ. ಎಷ್ಟು ಹೊತ್ತು ಅಂತ..."

ಗೊನಾರಿಯೊ ಅವನ ಹೆಗಲು ಹಿಡಿದು ಒತ್ತಿ ಕೂರಿಸಿದ.

"ಕೂತ್ಕೊ. ಊಟ ಮುಗಿದಿಲ್ಲ."

ಒಳಗೆ ಹೋಗಿ, ಮಗನ ಮದುವೆಗೆಂದು ಹಣ್ಣಾಗಲು ಇಟ್ಟಿದ್ದ ಚೀಸಿನ ಇಡೀ ಗಟ್ಟಿಯನ್ನು ಹೊತ್ತು ತಂದ. ಮಿಕ್ಕಿದ ರೊಟ್ಟಿಯನ್ನೆಲ್ಲ ತಂದ. ಕೊಯ್ದು ಇಟ್ಟ. ಬುಸ್ತಿಯಾನು ಒಂದೊಂದು ತುತ್ತನ್ನೂ ವೈನ್ ಕುಡಿದು ನುಂಗಿದ. ತಿನ್ನು, ನಿಧಾನ ಎನ್ನುತ್ತ ಗೊನಾರಿಯೊ ಮತ್ತೆ ಕೊಯ್ದ. ಮರದ ನೆರಳು ಬೇಲಿಯತ್ತ ಚಾಚುತ್ತಿತ್ತು. ಬೇಲಿಯ ಕಲ್ಲಿನ ಮೇಲಿದ್ದವನು ಕದಲಲಿಲ್ಲ. ಚೀಸಿನ ಗಟ್ಟಿ ದೊಡ್ಡದೇ ಇತ್ತು. ಆದರೂ ಗೊನಾರಿಯೊ ಇನ್ನಷ್ಟು ತೆಳ್ಳಗೆ ಕೊಯ್ಯತೊಡಗಿದ.