ತಣ್ಣಗಿದ್ದ ಕಲ್ಲು

ಸ್ಪಿರಿಟ್ಟಿನ ವಾಸನೆ, ಅದರ ಬೆನ್ನಿಗೇ ಆ್ಯಸಿಡ್ಡಿನ ಘಾಟು, ಮೂಗಿನ ತುದಿ ಚುರುಗುಟ್ಟುತ್ತದೆ, ಹತ್ತಿ ಅದ್ದು, ಒರೆಸು, ನಿಧಾನ — ಬಾಗಿಲಿನ ಗಾಜಿನಾಚೆಯಿಂದ ಅತ್ತೆ ಕೈ ಆಡಿಸುತ್ತಿದ್ದಾಳೆ, ಆಯ್ತೇನೇ ಅಂತ, ಇಲ್ಲ ಅತ್ತೆ, ಈಗಷ್ಟೇ ಶುರು, ಕೂತ್ಕೋ, ಸುಮ್ಮನೆ ಕೂರುವ ಪೈಕಿಯೇ ಅವಳು, ಬಂದವಳೇ ಕಾವಲುಗಾರನ ಅಂಗಿಗೆ ಗುಂಡಿ ಹೊಲಿದುಕೊಟ್ಟಾಯಿತು, ಈಗ ನಮ್ಮ ಪ್ರಯೋಗಾಲಯದ ಪರದೆಯ ಅಂಚು ಎತ್ತಿ ನೋಡುತ್ತಿದ್ದಾಳೆ, ಇದನ್ನ ಯಾರೇ ಕಾಲಲ್ಲಿ ಹೊಲಿದದ್ದು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಹೀಗೆ ಬೈಯಬಲ್ಲ ದರ್ಜಿ ಇವಳೊಬ್ಬಳೇ ಇರಬೇಕು, ಬಾಯಿ ತೆರೆದರೆ ಸೂಜಿ ಬೀಳಬೇಕಲ್ಲ, ಬೀಳುವುದಿಲ್ಲ, ಹೊಳೆಯುತ್ತವೆ ಅಷ್ಟೆ. ನನ್ನ ಕೈಯಡಿಯ ಬಿಲ್ಲೆಯೂ ಹೊಳೆಯುತ್ತಿದೆ, ಅವಳ ಕಲ್ಲಿನಿಂದ ಕೊಯ್ದದ್ದು, ಕನ್ನಡಿಯ ಹಾಗೆ, ಆದರೆ ಎಲ್ಲವೂ ಒಂದೇ ಸಮ ಹೊಳೆದರೆ ನನಗೇನು ಬಂತು, ಆ್ಯಸಿಡ್ಡು ಕಬ್ಬಿಣವನ್ನು ಮಂಕು ಮಾಡಬೇಕು, ಮಂಕಾಗದೆ ಉಳಿದದ್ದೇ ನನಗೆ ಬೇಕಾದದ್ದು, ಶ್ರೈಬರ್ಸೈಟ್, ಕಬ್ಬಿಣ ನಿಕ್ಕಲ್ ರಂಜಕ ಮೂರೂ ಕೈಹಿಡಿದ ಫಾಸ್ಫೈಡ್, ಕೊಯ್ದ ಹೊಸದರಲ್ಲಿ ಬೆಳ್ಳಿಯಷ್ಟು ಬಿಳಿ, ಗಾಳಿಗಿಟ್ಟರೆ ಹಿತ್ತಾಳೆಯ ಹಳದಿ, ಚಾಕುವಿಗೆ ಜಗ್ಗದು, ಪೆಟ್ಟಿಗೆ ಪುಡಿ — ಗಟ್ಟಿಯಾದರೂ ಬೇಗ ಮುರಿಯುವಂಥದ್ದು, ಅತ್ತೆಯ ಹಾಗೆ.

ಮುರಿದಿದ್ದಳಲ್ಲ ಮೊನ್ನೆ, ಊಟದ ಮೇಜಿನಲ್ಲಿ. ನಮ್ಮ ಮನೆಯ ಪದ್ಧತಿ ಅದು, ಯಾರಾದರೂ ರೈಲು ಬಿಟ್ಟರೆ ಅತ್ತೆಯ ಕಲ್ಲನ್ನು ಎತ್ತಿ ತಂದು ಅವರ ತಟ್ಟೆಯ ಮುಂದೆ ಇಡುವುದು, ಶುರು ಮಾಡಿದವನು ಅಪ್ಪ, ಅವಳ ಸ್ವಂತ ತಮ್ಮ, ಯಾಕೆಂದರೆ ಮೊದಲ ರೈಲು ಬಿಟ್ಟವಳು ಅಕ್ಕನೇ ಎಂದು ಅವನ ವಾದ — ಲಂಗದ ಹುಡುಗಿ, ತಾರಸಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳಂತೆ, ಸುಂಯ್ ಅಂತಂತೆ, ಧೊಪ್ ಅಂತಂತೆ, ಮನೆ ರಿಪೇರಿಗೆ ತಂದು ಸುರಿದಿದ್ದ ಮರಳಿನ ಗುಡ್ಡೆಯಲ್ಲಿ ಒಂದು ಕರಿ ಮುದ್ದೆ, ಆಕಾಶದಿಂದ ಬಿತ್ತು ಕಣೋ, ಓಡಿಹೋಗಿ ಮುಟ್ಟಿದೆ, ತಣ್ಣಗಿತ್ತು. ತಣ್ಣಗಿತ್ತು, ಅಲ್ಲಿಗೇ ಕೆಟ್ಟಿತು ಕೆಲಸ, ಆಕಾಶದಿಂದ ಉರಿದುಕೊಂಡು ಬಂದದ್ದು ತಣ್ಣಗಿರತ್ತೇನಕ್ಕಾ, ಸುಳ್ಳನ್ನಾದ್ರೂ ನೆಟ್ಟಗೆ ಹೇಳೋದು ಬೇಡ್ವಾ, ಕೆಂಡದ ಹಾಗೆ ಸುಡ್ತಿತ್ತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರೇನೋ, ಅವಳು ಹೇಳಲಿಲ್ಲ, ತಣ್ಣಗಿತ್ತು ಅಂದರೆ ತಣ್ಣಗಿತ್ತು, ಹಟಮಾರಿ. ಕಲ್ಲು ಅವಳ ಅಂಗಡಿ ಸೇರಿತು, ಬಟ್ಟೆ ಕತ್ತರಿಸುವಾಗ ಅಲುಗದಂತೆ ಮೇಲಿಡುವ ಭಾರವಾಯಿತು, ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ ಅದಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು, ಊಟದ ಹೊತ್ತಿಗೆ ಕಲ್ಲು ಮನೆಗೆ ಬಂದು ಸುಳ್ಳುಗಾರರನ್ನು ಹಿಡಿಯುತ್ತಿತ್ತು. ಅವಳೂ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಮೊನ್ನೆ ನನ್ನ ಪುಟ್ಟಿ ಕೇಳಿಬಿಟ್ಟಳು, ಅಜ್ಜೀ, ನೀನು ನಿಜವಾಗ್ಲೂ ಸುಳ್ಳು ಹೇಳಿದ್ದಾ? ಅತ್ತೆಯ ನಗು ಅರ್ಧಕ್ಕೇ ನಿಂತಿತು, ಅಪ್ಪ ಗಮನಿಸಲಿಲ್ಲ, ನಾನು ಗಮನಿಸಿದೆ, ಮಾರನೆಯ ದಿನ ಕೈಚೀಲದಲ್ಲಿ ಕಲ್ಲು ಹೊತ್ತು ಇಲ್ಲಿಗೆ ಬಂದಳು, ಕೊಯ್ದು ನೋಡೇ, ಏನಿದ್ರೂ ಹೇಳು, ಮಗುಗೆ ಉತ್ತರ ಕೊಡ್ಬೇಕು.

ಕೊಯ್ದೆ, ಖುಷಿಯಲ್ಲಿ, ಹಬೆಯಾಡುವಷ್ಟು ಅವಸರದಲ್ಲಿ, ಗರಗಸವನ್ನು ಅದುಮಿ ಅದುಮಿ, ನೋಡಿದರೆ ಬರೀ ತೂತು, ನಿಕ್ಕಲ್ ಇದೆ, ಇದ್ದರೇನು, ನಿಕ್ಕಲ್ ಬೆರೆತ ಉಕ್ಕನ್ನು ಕಾರ್ಖಾನೆಗಳೂ ಎರಕ ಹೊಯ್ಯುತ್ತವೆ, ಎರಕದಲ್ಲಿ ಗಾಳಿಗುಳ್ಳೆ ಇರುತ್ತದೆ, ಇದು ಯಾವುದೋ ಯಂತ್ರದ ಚೂರು ಅತ್ತೆ ಅಂದುಬಿಟ್ಟೆ, ದೊಡ್ಡ ಪಂಡಿತೆ ನಾನು. ಹೌದಾ, ಸರಿ ಬಿಡು ಅಂದಳು, ಕಿತ್ತಳೆ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು, ಒಂದು ತೊಳೆ ನನಗೂ ಕೊಟ್ಟಳು, ಎಷ್ಟು ಹುಳಿ. ಇವತ್ತು ಬೆಳಗ್ಗೆ ಪುಟ್ಟಿಗೆ ಹಾಲು ಬಿಸಿ ಮಾಡುವಾಗ, ಅಂಚಿನಲ್ಲಿ ನೊರೆಗುಳ್ಳೆ ಏಳುವಾಗ, ದುಂಡಗೆ, ಎಲ್ಲವೂ ದುಂಡಗೆ — ಅಯ್ಯೋ ಪೆದ್ದೀ, ಗುಳ್ಳೆ ಅಂದರೆ ದುಂಡಗಿರಬೇಕಲ್ಲ, ಆ ತೂತುಗಳಿಗೆ ಮೂಲೆಗಳಿದ್ದವು, ಉದ್ದುದ್ದ, ಚೂಪು ಚೂಪು, ಅಲ್ಲಿ ಏನೋ ಇತ್ತು, ಪೆಡಸಾದದ್ದು, ನನ್ನ ಅವಸರಕ್ಕೆ ಪುಡಿಯಾಗಿ ಉದುರಿಹೋಗಿದೆ! ಹಾಲು ಉಕ್ಕಿತು, ಪುಟ್ಟಿ ಕೂಗಿದಳು, ನಾನು ನಗುತ್ತಿದ್ದೆ.

ಈ ಸಲ ಕೈ ಹಗುರ, ನೀರು ಧಾರಾಳ, ಗರಗಸ ತನ್ನ ಪಾಡಿಗೆ ತಾನು ಹೋಗಲಿ ಅಂತ ಬಿಟ್ಟೆ, ಹತ್ತಿ ಅದ್ದು, ಒರೆಸು, ಮಂಕಾಗು ಕಬ್ಬಿಣವೇ, ಬೇಗ ಮಂಕಾಗು ನನ್ನಪ್ಪಾ. ಭೂಮಿಯಲ್ಲಿ ಈ ಶ್ರೈಬರ್ಸೈಟ್ ಎಲ್ಲಿ ಸಿಗಬೇಕು, ಇದು ಉಲ್ಕೆಗಳ ಸ್ವತ್ತು, ರಂಜಕಕ್ಕೆ ಇಲ್ಲಿ ಆಮ್ಲಜನಕದ ಸಹವಾಸ, ಬಿಟ್ಟು ಬರುವುದೇ ಇಲ್ಲ, ಸಿಡಿಲು ಬಡಿದು ಕರಗಿದ ಮಣ್ಣಿನಲ್ಲಿ ಎಲ್ಲೋ ಒಂದು ಕಾಳು, ಕುಲುಮೆಯ ಕಿಟ್ಟದಲ್ಲಿ ಅದರ ದಾಯಾದಿ, ಆದರೆ ನಿಕ್ಕಲ್ ಕಬ್ಬಿಣದೊಳಗೆ ಹೀಗೆ ನೀಟಾಗಿ ಸೂಜಿ ಕಟ್ಟಬೇಕಾದರೆ ಲಕ್ಷಾಂತರ ವರ್ಷ ನಿಧಾನವಾಗಿ ತಣಿಯಬೇಕು, ಅಷ್ಟು ತಾಳ್ಮೆ ಯಾವ ಕಾರ್ಖಾನೆಗಿದೆ. ಬರುವ ದಾರಿಯಲ್ಲಿ ಸುಡುವುದು ಮೇಲಿನ ಸಿಪ್ಪೆ ಮಾತ್ರ, ಅದೂ ಗಾಳಿಗೆ ಹಾರಿಹೋಗುತ್ತದೆ, ಕೆಳಗೆ ಬರುವಷ್ಟರಲ್ಲಿ ಆಕಾಶದ ಚಳಿಯೇ ಗೆದ್ದಿರುತ್ತದೆ, ಓದಿದ್ದೆನಲ್ಲ, ಪರೀಕ್ಷೆಯಲ್ಲಿ ಬರೆದೂ ಇದ್ದೆನಲ್ಲ, ಆದರೂ ಮೇಜಿನಲ್ಲಿ ಎಲ್ಲರ ಜೊತೆ ನಕ್ಕೆನಲ್ಲ. ಬೂದು ಏರುತ್ತಿದೆ, ಮೂಲೆಯಿಂದ, ಉಸಿರು ಬಿದ್ದ ಕನ್ನಡಿಯ ಹಾಗೆ, ಕನ್ನಡಿ ಹೋಯಿತು, ಈಗ ಬರೀ ಬೂದು, ಬೂದು — ಒಂದು ಬಿಳಿ ಸೂಜಿ. ಅದರ ಪಕ್ಕ ಇನ್ನೊಂದು. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ, ಅತ್ತೇ, ಅತ್ತೇ ಬಾ, ಕೂಗಿದೆನೋ ಕಿರುಚಿದೆನೋ, ಕಾವಲುಗಾರನೂ ಓಡಿಬಂದ, ಬಿಲ್ಲೆ ತೊಳೆದು ಲೆನ್ಸ್ ಅವಳ ಕೈಗಿಟ್ಟೆ, ನೋಡು, ಇದು ಇಲ್ಲಿ ಹುಟ್ಟಿದ್ದಲ್ಲ, ಮೇಲಿಂದಲೇ ಬಂದದ್ದು, ತಣ್ಣಗೇ ಇತ್ತು. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು, ಬಹಳ ಹೊತ್ತು, ಇವು ನನ್ನ ಗುಂಡುಸೂಜಿಗಳೇ ಅಲ್ವೇನೇ, ಅಂದಳು, ಬೂದು ಬಟ್ಟೆ ಮೇಲೆ. ಆಮೇಲೆ ನಾನು ಹುಟ್ಟಿದಾಗಿನಿಂದ ನೋಡದ ಒಂದು ಕೆಲಸ ಮಾಡಿದಳು, ಮಾತಾಡುವುದಕ್ಕಾಗಿ ತುಟಿಯ ಸೂಜಿಗಳನ್ನೆಲ್ಲ ತೆಗೆದು ಸೆರಗಿಗೆ ಚುಚ್ಚಿಕೊಂಡಳು, ಕಣ್ಣು ಒರೆಸಿಕೊಂಡಳು, ಇವತ್ತು ಊಟಕ್ಕೆ ಕಲ್ಲು ನಿಮ್ಮಪ್ಪನ ಮುಂದೆ ಕಣೇ, ಪುಟ್ಟಿ ಕೈಯಲ್ಲೇ ಇಡಿಸ್ತೀನಿ, ಅಪ್ಪನ ಮುಖ, ಪುಟ್ಟಿಯ ಎರಡೂ ಕೈ ತುಂಬ ಕಲ್ಲು, ನಗು ತಡೆಯಲಾಗುತ್ತಿಲ್ಲ, ಲೆನ್ಸ್ ಇಸಿದುಕೊಂಡು ನಾನೂ ಬಗ್ಗುತ್ತೇನೆ, ನಗುವಿಗೆ ಲೆನ್ಸ್ ಅಲುಗುತ್ತಿದೆ, ಅದು ಮಾತ್ರ ಅಲುಗದೆ, ಬೂದಿನ ನಡುವೆ, ಬಿಳಿ ಸೂಜಿ, ಒಂದು ಬಿಳಿ ಸೂಜಿ